ತಂತ್ರಾಂಶ ಬದಲಿಸುವ ಮೊದಲು ಅಕ್ಷರ ಬದಲಿಸಿ

ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಲಗ್ನಪತ್ರಿಕೆಯೂ ಇಲ್ಲ. ನಮ್ಮ ಹಾಸನ ಜಿಲ್ಲೆಯ ಡಿಟಿಪಿ ಅಂಗಡಿಗಳ ವರಮಾನ ಪಂಚಾಂಗ ನೋಡಿಕೊಂಡೇ ಏರುತ್ತದೆ, ಇಳಿಯುತ್ತದೆ. ಮಾಘ ಹುಟ್ಟಿದ ಮೇಲೆ ಜ್ಯೇಷ್ಠದವರೆಗೂ ರಾತ್ರಿ ಹತ್ತಾದರೂ ಕಂಪ್ಯೂಟರ್ ಆರುವುದಿಲ್ಲ. ಹೊಳೆನರಸೀಪುರದ ನರಸಿಂಹಸ್ವಾಮಿ ತೇರಿಗೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆಗೆ, ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ, ಎಲ್ಲ ಊರಲ್ಲೂ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಕರಪತ್ರ, ಫ್ಲೆಕ್ಸು, ಸ್ವಾಗತ ಕಮಾನು ಎಂದು ಕೆಲಸ ಬರುತ್ತದೆ. ಚನ್ನರಾಯಪಟ್ಟಣದವರಿಗೆ ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಸುಗ್ಗಿಯೂ ಉಂಟು. ಕಳೆದದ್ದು 2018ರ ಫೆಬ್ರವರಿಯಲ್ಲಿ ನಡೆಯಿತು. ಉಳಿದ ದಿನಗಳಲ್ಲಿ ಜೆರಾಕ್ಸು, ಅರ್ಜಿ, ಬಿಲ್‌ಬುಕ್ಕು, ಶಾಲೆಯ ಗುರುತಿನ ಚೀಟಿ, ಅಷ್ಟೇ.

ಇಂಥ ಕಸುಬಿಗೆ ತಂತ್ರಾಂಶದ ತಿಂಗಳ ಚಂದಾ ಹೊಂದುವುದಿಲ್ಲ. ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದುಕೊಂಡರೂ ವರ್ಷಕ್ಕೆ 24 ಸಾವಿರ, ಐದು ವರ್ಷಕ್ಕೆ 1.20 ಲಕ್ಷ. ಅಷ್ಟು ಕಟ್ಟಿದ ಮೇಲೂ ಅಂಗಡಿಯವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸವಿಲ್ಲವೆಂದು ಎರಡು ತಿಂಗಳು ನಿಲ್ಲಿಸೋಣ ಎಂದರೆ ಅದಕ್ಕೂ ದಾರಿ ಸುಲಭವಿಲ್ಲ. ತಿಂಗಳ ಕಂತಿನಂತೆ ಕಾಣುವ ಚಂದಾ ಎಷ್ಟೋ ಸಲ ವರ್ಷದ ಕರಾರು. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಹಣದಲ್ಲಿ ಒಂದು ಪಾಲು ದಂಡವಾಗಿ ಕಟ್ಟಬೇಕು. ಈ ದಂಡದ ವಿಷಯವನ್ನು ಗಿರಾಕಿಗಳಿಗೆ ಸರಿಯಾಗಿ ತಿಳಿಸುತ್ತಿಲ್ಲ ಎಂದೇ ಅಮೆರಿಕದ ಸರ್ಕಾರ 2024ರ ಜೂನ್‌ನಲ್ಲಿ ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿಯ ಮೇಲೆ ದಾವೆ ಹೂಡಿತು.

ಈ ಚಂದಾ ಪದ್ಧತಿ ಬಂದದ್ದು ಬಹಳ ಹಿಂದೇನಲ್ಲ. 2012ರಲ್ಲಿ ಬಂದ ಅಡೋಬಿಯ ಸಿಎಸ್6 ಎಂಬ ತಂತ್ರಾಂಶಗಳ ಕಟ್ಟು, ಒಮ್ಮೆ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ. 2013ರ ಮೇ ತಿಂಗಳಲ್ಲಿ ಕಂಪನಿ, ಇನ್ನು ಮುಂದೆ ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳ ಹೊಸ ಆವೃತ್ತಿ ಬೇಕಾದವರು ಚಂದಾದಾರರೇ ಆಗಬೇಕು ಎಂದು ಸಾರಿತು. ಅಲ್ಲಿಂದೀಚೆಗೆ ಲೋಕದಲ್ಲೆಲ್ಲ ಇದರಿಂದ ಹೊರಬರುವ ದಾರಿಗಳ ಹುಡುಕಾಟ ನಡೆದೇ ಇದೆ. ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನೆಲ್ಲ ನಮ್ಮ ಊರಿನ ಮೇಜಿನ ಮೇಲೆ ತಂದಿಟ್ಟರೆ ಮೊದಲು ಎದುರಾಗುವುದು ಬೆಲೆಯ ಪ್ರಶ್ನೆ ಅಲ್ಲ, ಕನ್ನಡದ ಪ್ರಶ್ನೆ. ನಾನು ಹೇಳಬೇಕಾದದ್ದೂ ಅದೇ.

ಅದಕ್ಕೆ ಮೊದಲು ಒಂದು ಮಾತನ್ನು ನೇರವಾಗಿ ಆಡಿಬಿಡಬೇಕು. ತಾಲ್ಲೂಕು ಕೇಂದ್ರಗಳ ಎಷ್ಟೋ ಅಂಗಡಿಗಳಲ್ಲಿ ಓಡುತ್ತಿರುವುದು ಚಂದಾ ಕಟ್ಟಿದ ತಂತ್ರಾಂಶವೂ ಅಲ್ಲ, ಕೊಂಡದ್ದೂ ಅಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವನೇ ಹಾಕಿಕೊಟ್ಟ ಕ್ರ್ಯಾಕ್ ಕಾಪಿ. ಹಳೆಯ ಪೇಜ್‌ಮೇಕರ್, ಹಳೆಯ ಕೋರೆಲ್‌ಡ್ರಾ, ಹಳೆಯ ಫೋಟೋಶಾಪ್. ಎಲ್ಲರೂ ಮಾಡುತ್ತಾರೆ ಎನ್ನುವುದರಿಂದ ಅದು ಸಣ್ಣ ವಿಷಯವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕದ್ದ ಪ್ರತಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸದವರಿಗೆ ಸೆರೆ ತಪ್ಪಿಸುವ ಅವಕಾಶವನ್ನು ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ, ಅಂಗಡಿಗೆ ಆ ರಿಯಾಯಿತಿ ಇಲ್ಲ. ಕಾಯ್ದೆ ಹಾಗಿರಲಿ, ಕ್ರ್ಯಾಕ್ ಜೊತೆಗೆ ವೈರಸ್ಸೂ ಬರುತ್ತದೆ. ಸೀಸನ್ನಿನ ನಡುವೆ ಕಂಪ್ಯೂಟರ್ ಕೈಕೊಟ್ಟು ಹತ್ತು ವರ್ಷದ ಮ್ಯಾಟರೆಲ್ಲ ಹೋದರೆ ಹೊಣೆ ಹೊರುವವರು ಯಾರೂ ಇರುವುದಿಲ್ಲ. ಹಾಗಾಗಿ ಚಂದಾ ಬಿಡಬೇಕೆನ್ನುವವರಿಗೂ ಕಳ್ಳಪ್ರತಿ ಬಿಡಬೇಕೆನ್ನುವವರಿಗೂ ಮುಂದಿನ ದಾರಿ ಒಂದೇ.

ಈಗ ಕನ್ನಡಕ್ಕೆ ಬರೋಣ.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಆಲ್ಡಸ್ ಎಂಬ ಕಂಪನಿಯಲ್ಲಿ. 1994ರಲ್ಲಿ ಅದು ಅಡೋಬಿಯ ಪಾಲಾಯಿತು. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ. ಇಷ್ಟು ವರ್ಷಗಳಾದರೂ ನಮ್ಮಲ್ಲಿ ಅದು ಇನ್ನೂ ಜೀವಂತವಾಗಿದೆ. ಅಂಗಡಿಯವರ ಸೋಮಾರಿತನ ಇದಕ್ಕೆ ಕಾರಣವಲ್ಲ, ನುಡಿ, ಶ್ರೀಲಿಪಿ, ಬರಹದ ಹಳೆಯ ಫಾಂಟುಗಳು ಕಾರಣ. ಅವೆಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮುಂಚಿನ ಜಾಣತನದ ಮೇಲೆ ಕಟ್ಟಿದವು. ನುಡಿಯ ಹಳೆಯ ಫಾಂಟಿನಲ್ಲಿ ನಾವು ‘ಕ’ ಎಂದು ಒತ್ತಿದಾಗ ಪರದೆಯ ಮೇಲೆ ‘ಕ’ ಕಾಣುತ್ತದೆ, ಆದರೆ ಕಡತದೊಳಗೆ ಕೂರುವುದು ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರ ಮತ್ತು ಅದರ ಪಕ್ಕದಲ್ಲಿ ತಲೆಕಟ್ಟಿಗೆಂದು ಇಟ್ಟುಕೊಂಡ, ತಲೆಯ ಮೇಲೆ ಓರೆ ಗೀಟಿರುವ ದೊಡ್ಡ ‘ಎ’. ಅಂದರೆ ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇಲ್ಲ. ಆ ಫಾಂಟು ಇರುವ ತನಕ ಲಗ್ನಪತ್ರಿಕೆ. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಯಾರಿಗೂ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಮ್ಯಾಟರು ಪೇಜ್‌ಮೇಕರಿಗೆ ತಿಳಿಯುವುದಿಲ್ಲ, ಪೇಜ್‌ಮೇಕರಿನ ಮ್ಯಾಟರು ವಾಟ್ಸಾಪಿಗೆ ತಿಳಿಯುವುದಿಲ್ಲ. ನಡುವೆ ಕೂತು ಇನ್ನೊಮ್ಮೆ ಟೈಪು ಮಾಡುವವರು ನಮ್ಮ ಹುಡುಗ ಹುಡುಗಿಯರು.

ನೋಡಿ, ಚಂದಾದ ಬಂಧನಕ್ಕಿಂತ ಇದು ದೊಡ್ಡ ಬಂಧನ. ಚಂದಾ ಬೇಡವೆಂದರೆ ದಂಡ ಕಟ್ಟಿಯಾದರೂ ನಿಲ್ಲಿಸಬಹುದು. ಇಪ್ಪತ್ತು ವರ್ಷದ ಮ್ಯಾಟರು ಹಳೆಯ ಫಾಂಟಿನಲ್ಲಿ ಕೂತಿದ್ದರೆ ಯಾವ ಹೊಸ ತಂತ್ರಾಂಶ ಕೊಂಡರೂ ಅದು ಜೊತೆಗೆ ಬರುವುದಿಲ್ಲ.

ಈ ಚಿಂತೆ ಕನ್ನಡಕ್ಕೆ ಹೊಸದಲ್ಲ, ಹಾಸನಕ್ಕೂ ಹೊಸದಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು, ಸೇಡಿಯಾಪು ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಮೂಡಿಗೆರೆಯ ತೋಟದಲ್ಲಿ ಕೂತ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಕೊನೆಯ ವರ್ಷಗಳಲ್ಲಿ ಹಟ ಹಿಡಿದು ಕೆಲಸ ಮಾಡಿಸಿದರು. ಅವರ ಒತ್ತಾಸೆಯಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬಂದ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ದೊಡ್ಡ ಕಂಪನಿಯಲ್ಲ, ಹಾಸನದ ಮಾರುತಿ ತಂತ್ರಾಂಶ ಅಭಿವೃದ್ಧಿಕಾರರು. 2007ರ ಏಪ್ರಿಲ್‌ನಲ್ಲಿ ತೇಜಸ್ವಿ ತೀರಿಕೊಂಡರು. ಕನ್ನಡದ ಅಕ್ಷರ ಯಾರದೋ ಬೀಗದೊಳಗೆ ಇರಬಾರದು ಎಂಬ ಹಂಬಲಕ್ಕೆ ನಮ್ಮ ಜಿಲ್ಲೆಯ ಕೈಗಳು ದುಡಿದಿವೆ ಎನ್ನುವುದು ಇಲ್ಲಿಯ ಡಿಟಿಪಿ ಮೇಜಿನ ಮುಂದೆ ಕೂತ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ನನಗಂತೂ ಅದು ಬಹಳ ಹೆಮ್ಮೆಯ ಸಂಗತಿ.

ಯೂನಿಕೋಡಿಗೆ ಬಂದರೆ ಕೈ ಮತ್ತೆ ಟೈಪಿಂಗ್ ಕಲಿಯಬೇಕೇ ಎಂದು ಕೇಳುವವರಿದ್ದಾರೆ. ಬೇಡ. ನುಡಿಯ ಹೊಸ ಆವೃತ್ತಿಗಳಲ್ಲೂ ಬರಹದಲ್ಲೂ ‘ಪದ’ ತಂತ್ರಾಂಶದಲ್ಲೂ ಯೂನಿಕೋಡ್ ವ್ಯವಸ್ಥೆ ಇದೆ. ಬೆರಳಿಗೆ ರೂಢಿಯಾದ ಅದೇ ಕೀಲಿಗಳು, ಕಡತದೊಳಗೆ ಮಾತ್ರ ನಿಜವಾದ ಕನ್ನಡ. ಹಳೆಯ ಮ್ಯಾಟರನ್ನು ಬದಲಿಸಲು ಪರಿವರ್ತಕಗಳಿವೆ. ‘ಸಂಚಯ’ ತಂಡದವರು ಮಾಡಿದ್ದು ಉಚಿತ. ಆದರೆ ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಲೇಬೇಕು. ಕನ್ನಡದ ನಡುವೆ ಇದ್ದ ಇಂಗ್ಲಿಷ್ ಪದಗಳನ್ನು, ಇಮೇಲ್ ವಿಳಾಸಗಳನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಅರ್ಕಾವೊತ್ತು ಜಾಗ ತಪ್ಪುವುದೂ ಉಂಟು. ಎಲ್ಲವನ್ನೂ ಒಂದೇ ಸಲ ಬದಲಿಸುವ ಅಗತ್ಯವಿಲ್ಲ. ವರ್ಷ ವರ್ಷ ಮರಳಿ ಬರುವ ಕೆಲಸಗಳಿರುತ್ತವೆ. ದೇವಸ್ಥಾನದ ಆಹ್ವಾನ ಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಶಾಲಾ ವಾರ್ಷಿಕೋತ್ಸವದ ಕರಪತ್ರ, ಪಂಚಾಯಿತಿ ನಮೂನೆಗಳು. ಅವು ಮೊದಲು ಬದಲಾಗಲಿ.

ದೂರೊಂದು ಉಳಿಯುತ್ತದೆ, ಅದು ನಿಜವಾದ ದೂರು. ಲಗ್ನಪತ್ರಿಕೆಗೆ ಬೇಕಾದ ಬಳುಕಿನ, ಅಲಂಕಾರದ ಫಾಂಟುಗಳು ಹಳೆಯ ಪದ್ಧತಿಯಲ್ಲಿ ರಾಶಿ ಇವೆ, ಯೂನಿಕೋಡಿನಲ್ಲಿ ಕಡಿಮೆ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ತಿರೋ ಪುಸ್ತಕದ ಪುಟಕ್ಕೆ ಚೆನ್ನ, ಬಲೂ ತಮ್ಮ ಫ್ಲೆಕ್ಸಿಗೆ ದಪ್ಪನಾಗಿ ಒಪ್ಪುತ್ತದೆ. ಆದರೂ ವಧೂವರರ ಹೆಸರನ್ನು ಬರೆಯುವಂಥ ಫಾಂಟು ಬೇಕೆಂದರೆ ಆಯ್ಕೆ ಸಾಲದು. ಅಕ್ಷರ ವಿನ್ಯಾಸ ಕಲಿತ ಕನ್ನಡದ ಹುಡುಗರು ಈ ಕಡೆ ಗಮನ ಕೊಟ್ಟರೆ ಊರೂರಲ್ಲಿ ಕೊಳ್ಳುವವರಿದ್ದಾರೆ. ಸದ್ಯಕ್ಕೆ ಹೆಸರಿನ ಎರಡು ಸಾಲನ್ನು ಮಾತ್ರ ಹಳೆಯ ಫಾಂಟಿನಲ್ಲಿ ಬರೆದು, ಗೆರೆಚಿತ್ರವಾಗಿ ಮಾರ್ಪಡಿಸಿ ಕೂರಿಸಿಕೊಳ್ಳಬಹುದು. ಉಳಿದ ಮ್ಯಾಟರು ಯೂನಿಕೋಡಿನಲ್ಲೇ ಇರಲಿ.

ಅಕ್ಷರ ಬಿಡುಗಡೆಯಾದ ಮೇಲೆ ತಂತ್ರಾಂಶದ ಆಯ್ಕೆ. ಇದಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ಹೊಳೆನರಸೀಪುರದ ಸುತ್ತ ಎಷ್ಟೋ ಲಗ್ನಪತ್ರಿಕೆಗಳ ನೆತ್ತಿಯ ಮೇಲೆ ಇರುವ ಸಾಲು: ‘ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ’. ಅದರ ಕೆಳಗೆ ‘ಶುಭಮುಹೂರ್ತ’ ಎಂದು ಸೇರಿಸಿ. ‘ಕ್ಷ್ಮೀ’ಯಲ್ಲಿ ಕಕಾರದ ಕೆಳಗೆ ಷ ಮತ್ತು ಮ ಎರಡು ಒತ್ತುಗಳು ಬರಬೇಕು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ‘ಹೂರ್ತ’ದಲ್ಲಿ ಮೊದಲು ಒತ್ತಿದ ರಕಾರ ಹಿಂದೆ ಸರಿದು ತಕಾರದ ಬಲಕ್ಕೆ ಅರ್ಕಾವೊತ್ತಾಗಿ ನಿಲ್ಲಬೇಕು. ಈ ಜೋಡಣೆ ಮಾಡಲು ತಂತ್ರಾಂಶದೊಳಗೆ ಭಾರತೀಯ ಲಿಪಿಗಳ ನಿಯಮ ಗೊತ್ತಿರುವ ಯಂತ್ರವಿರಬೇಕು. ಇಲ್ಲದಿದ್ದರೆ ‘ಕ್’ ‘ಷ್’ ‘ಮೀ’ ಎಂದು ಅಕ್ಷರಗಳು ಬಿಡಿಬಿಡಿಯಾಗಿ, ಅರ್ಧಾಕ್ಷರದ ಗುರುತು ಹೊತ್ತು ನಿಲ್ಲುತ್ತವೆ. ಕಾಸು ಕೊಡುವ ಮೊದಲು ಪರೀಕ್ಷಾ ಆವೃತ್ತಿಯಲ್ಲಿ ಈ ಎರಡು ಸಾಲು ಹಾಕಿ ನೋಡಿ. ಚಂದಾ ಕಟ್ಟಿದ ಫೋಟೋಶಾಪಿನಲ್ಲೂ ಬಹಳ ಕಾಲ ಪಠ್ಯದ ಸೆಟ್ಟಿಂಗ್ ಬದಲಿಸದಿದ್ದರೆ ಒತ್ತಕ್ಷರ ಒಡೆಯುತ್ತಿತ್ತು ಎನ್ನುವುದನ್ನು ಇಲ್ಲಿ ನೆನೆಯಬೇಕು. ಇನ್‌ಡಿಸೈನಿಗೆ ಕನ್ನಡ ನೆಟ್ಟಗೆ ಬಂದದ್ದೇ ಸಿಎಸ್6ರಲ್ಲಿ.

ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಮಾತಿಗೆ ಲೋಕದಲ್ಲಿ ಹೆಚ್ಚು ಹೆಸರಾದದ್ದು ಅಫಿನಿಟಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸೆರಿಫ್ ಕಂಪನಿ 2014ರಲ್ಲಿ ಅಫಿನಿಟಿ ಡಿಸೈನರ್ ತಂದಿತು, 2015ರಲ್ಲಿ ಫೋಟೋ, 2019ರಲ್ಲಿ ಪುಟ ವಿನ್ಯಾಸದ ಪಬ್ಲಿಷರ್. ಆಗ ಒಂದೇ ಬೆಲೆ, ಚಂದಾ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಕ್ಯಾನ್ವಾ ಈ ಕಂಪನಿಯನ್ನು ಕೊಂಡುಕೊಂಡಿತು. 2025ರ ಅಕ್ಟೋಬರ್ 30ರಂದು ಮೂರನ್ನೂ ಒಂದೇ ತಂತ್ರಾಂಶವಾಗಿ ಸೇರಿಸಿ ಉಚಿತವೆಂದು ಬಿಟ್ಟಿತು. ಕ್ಯಾನ್ವಾ ಖಾತೆ ತೆರೆಯಬೇಕು, ಕೃತಕ ಬುದ್ಧಿಮತ್ತೆಯ ಸೌಲಭ್ಯಗಳಿಗೆ ಮಾತ್ರ ಕ್ಯಾನ್ವಾ ಚಂದಾ ಬೇಕು. ಉಚಿತವೆಂದ ಕೂಡಲೇ ನಾವು ಹಿಗ್ಗಬಾರದು. ಕೊಂಡ ವಸ್ತುವಿನ ಮೇಲೆ ಇರುವ ಹಕ್ಕು ಖಾತೆಯ ಮೂಲಕ ಸಿಗುವ ಉಚಿತದ ಮೇಲೆ ಇರುವುದಿಲ್ಲ. ನಮಗೆ ಇನ್ನೂ ಮುಖ್ಯವಾದದ್ದು, ಎರಡನೇ ಆವೃತ್ತಿಯವರೆಗೂ ಅಫಿನಿಟಿಗೆ ಭಾರತೀಯ ಲಿಪಿಗಳ ಜೋಡಣೆ ಬರುತ್ತಿರಲಿಲ್ಲ. ಫೋಟೋ ತಿದ್ದಲು, ಚಿತ್ರ ಬಿಡಿಸಲು ಅದು ಬಹಳ ಒಳ್ಳೆಯ ಸಾಧನ. ಕನ್ನಡ ಮ್ಯಾಟರಿಗೆ ಅದನ್ನು ನಂಬುವ ಮೊದಲು ಮೇಲಿನ ಪರೀಕ್ಷೆ ಆಗಲೇಬೇಕು.

ಕೋರೆಲ್‌ಡ್ರಾ 1989ರಿಂದ ಇದೆ, ನಮ್ಮ ಫ್ಲೆಕ್ಸ್ ಲೋಕವೇ ಅದರ ಮೇಲೆ ನಿಂತಿದೆ. ಚಂದಾ ಜೊತೆಗೆ ಒಂದೇ ಸಲ ಕೊಳ್ಳುವ ದಾರಿಯನ್ನೂ ಅದು ಉಳಿಸಿಕೊಂಡಿದೆ. ಬೆಲೆ ಕಡಿಮೆಯಲ್ಲ. ಆದರೆ ಹತ್ತಾರು ವರ್ಷದ ಕೋರೆಲ್ ಕಡತಗಳಿದ್ದು, ಫ್ಲೆಕ್ಸು ಸ್ಟಿಕ್ಕರುಗಳೇ ಮುಖ್ಯ ಸಂಪಾದನೆಯಾದವರಿಗೆ, ಒಂದು ಮದುವೆ ಸೀಸನ್ನಿನ ಲಾಭದಲ್ಲಿ ಒಂದು ಪಾಲು ಎತ್ತಿಟ್ಟು ಅದನ್ನು ಕೊಳ್ಳುವುದು ಸರಿಯಾದ ಲೆಕ್ಕ ಎಂದೇ ನನ್ನ ಅನಿಸಿಕೆ. ಹೊಸ ಆವೃತ್ತಿ ಬಂದಾಗ ಅದು ತಾನಾಗಿ ಸಿಗುವುದಿಲ್ಲ ಎಂಬುದು ಗೊತ್ತಿರಲಿ. ಲಗ್ನಪತ್ರಿಕೆ ಕೆಲಸಕ್ಕೆ ಪ್ರತಿ ವರ್ಷ ಹೊಸ ಆವೃತ್ತಿ ಬೇಕಾಗಿಯೂ ಇಲ್ಲ.

ಕನ್ನಡದ ಪರೀಕ್ಷೆಯಲ್ಲಿ ನಿಜವಾಗಿ ಗೆದ್ದು ನಿಲ್ಲುವುದು ಮುಕ್ತ ತಂತ್ರಾಂಶಗಳು. 2003ರಲ್ಲಿ ಶುರುವಾದ ಇಂಕ್‌ಸ್ಕೇಪ್ ಒತ್ತಕ್ಷರಗಳನ್ನು ಚೆನ್ನಾಗಿ ಜೋಡಿಸುತ್ತದೆ. ಲಾಂಛನ, ಆಹ್ವಾನ ಪತ್ರಿಕೆ, ಬ್ಯಾನರುಗಳಿಗೆ ಸಾಕು. ಅದರ ಕೊರತೆ ಬಣ್ಣದ್ದು. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆ ಅದರಿಂದ ನೇರವಾಗಿ ಸರಿಬರುವುದಿಲ್ಲ. ಆ ಕೆಲಸಕ್ಕೆ ಸ್ಕ್ರೈಬಸ್ ಇದೆ. ಪುಟ ವಿನ್ಯಾಸದ ಈ ತಂತ್ರಾಂಶ ಬಹಳ ಕಾಲ ಕನ್ನಡಕ್ಕೆ ಕೈಗೂಡಿರಲಿಲ್ಲ. ಭಾರತೀಯ ಲಿಪಿಗಳ ಜೋಡಣೆ ಮೊದಲು ಪ್ರಾಯೋಗಿಕ ಆವೃತ್ತಿಗಳಲ್ಲಿ ಬಂದು, 2024ರ ಜನವರಿಯಲ್ಲಿ ಹೊರಬಿದ್ದ 1.6ರ ಹೊತ್ತಿಗೆ ಸ್ಥಿರ ಆವೃತ್ತಿಯಲ್ಲಿ ನೆಲೆಯಾಯಿತು. ನಾಲ್ಕು ಬಣ್ಣ, ಅಚ್ಚುಮನೆಗೆ ಒಪ್ಪುವ ಪಿಡಿಎಫ್, ಎರಡೂ ಅದರಿಂದ ಸಿಗುತ್ತವೆ. ಹಳೆಯ ಪೇಜ್‌ಮೇಕರ್ ಕಡತಗಳನ್ನೂ ಒಂದು ಮಟ್ಟಿಗೆ ತೆರೆಯುತ್ತದೆ, ಆದರೆ ಒಳಗಿನ ಹಳೆಯ ಫಾಂಟಿನ ಮ್ಯಾಟರು ಹಾಗೇ ಇರುತ್ತದೆ. ಅದನ್ನು ನಾವೇ ಬದಲಿಸಬೇಕು. ಫೋಟೋ ತಿದ್ದಲು ಗಿಂಪ್ ಇದೆ, 2025ರ ಮಾರ್ಚ್‌ನಲ್ಲಿ ಅದರ 3.0 ಬಂತು. ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳಿಗೆ ಡಾವಿಂಚಿ ರಿಸಾಲ್ವ್ ಉಚಿತ. ಅದರ ಸ್ಟುಡಿಯೊ ಆವೃತ್ತಿ ಚಂದಾ ಇಲ್ಲದೆ ಒಮ್ಮೆ ಕೊಂಡರಾಯಿತು.

ಉಚಿತದಲ್ಲಿ ಸಿಗದ ಒಂದು ಸಂಗತಿ ಸಮಯ. ಪೇಜ್‌ಮೇಕರಿನಲ್ಲಿ ಕಣ್ಣುಮುಚ್ಚಿ ಹತ್ತು ನಿಮಿಷಕ್ಕೆ ಕಾರ್ಡು ಮುಗಿಸುವವರು ಸ್ಕ್ರೈಬಸಿನಲ್ಲಿ ಮೊದಲ ವಾರಗಳಲ್ಲಿ ತಡವರಿಸುತ್ತಾರೆ. ಗಿರಾಕಿ ಎದುರಿಗೆ ಕೂತಿರುವಾಗ ಇದನ್ನು ಕಲಿಯಲು ಹೋಗಬಾರದು. ಹಳೆಯ ಕಂಪ್ಯೂಟರೊಂದನ್ನು ಹಾಗೆಯೇ ಬಿಟ್ಟು, ಇನ್ನೊಂದರಲ್ಲಿ ಹೊಸದನ್ನು ಹಾಕಿ, ಅವಸರವಿಲ್ಲದ ಕೆಲಸವನ್ನು ಮಾತ್ರ ಅದರಲ್ಲಿ ಮಾಡುವುದು ಲೇಸು. ಸ್ಕ್ರೈಬಸಿನಲ್ಲಿ ಮಾಡಿದ ಒಂದು ಪಿಡಿಎಫನ್ನು ಪ್ಲೇಟ್ ಹಾಕುವವರಿಗೆ ಮೊದಲೇ ಕಳಿಸಿ, ಕಪ್ಪು ಅಕ್ಷರ ಒಂದೇ ಕಪ್ಪು ಪ್ಲೇಟಿನಲ್ಲಿ ಬರುತ್ತದೆಯೋ ಇಲ್ಲ ನಾಲ್ಕರಲ್ಲೂ ಹಂಚಿಹೋಗುತ್ತದೆಯೋ ಎಂದು ಕೇಳಿಕೊಳ್ಳಬೇಕು. ನಾಲ್ಕರಲ್ಲೂ ಹಂಚಿಹೋದರೆ ಅಚ್ಚಿನಲ್ಲಿ ಒಂದು ಕೂದಲಿನಷ್ಟು ಆಚೀಚೆಯಾದರೂ ಸಣ್ಣ ಅಕ್ಷರದ ಅಂಚಿಗೆ ಬಣ್ಣದ ನೆರಳು ಬಂದು ಇಡೀ ಕಾರ್ಡು ಕೆಡುತ್ತದೆ. ಚಂದಾ ಕಟ್ಟುತ್ತಿರುವವರು ಅದು ಮುಗಿಯುವ ತಿಂಗಳಿಗೆ ಮೊದಲೇ ಎಲ್ಲ ಮುಖ್ಯ ಕಡತಗಳ ಪಿಡಿಎಫ್ ತೆಗೆದಿಡಬೇಕು. ಇನ್‌ಡಿಸೈನ್ ಕಡತಗಳನ್ನು ಐಡಿಎಂಎಲ್ ರೂಪದಲ್ಲೂ, ಇಲ್ಲಸ್ಟ್ರೇಟರ್ ಕಡತಗಳನ್ನು ಎಸ್‌ವಿಜಿ ರೂಪದಲ್ಲೂ ಉಳಿಸಬೇಕು. ಐಡಿಎಂಎಲ್ ಅನ್ನು ಸ್ಕ್ರೈಬಸ್ಸೂ ಅಫಿನಿಟಿಯೂ ತೆರೆಯುತ್ತವೆ. ಚಂದಾ ನಿಂತ ಮರುದಿನ ಕಡತ ನಿಮ್ಮದೇ ಆಗಿದ್ದರೂ ತೆರೆಯುವ ಕೀಲಿ ನಿಮ್ಮ ಬಳಿ ಇರುವುದಿಲ್ಲ.

ಎಲ್ಲರೂ ಚಂದಾ ಬಿಡಲೇಬೇಕು ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಪ್ರಕಾಶಕರಿಗೆ, ಜಾಹೀರಾತು ಕಂಪನಿಗಳಿಗೆ ಕೂತಲ್ಲಿಂದಲೇ ಪುಟ ಮಾಡಿಕೊಡುವವರು ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ ಇದ್ದಾರೆ. ಅವರ ಗಿರಾಕಿ ಇನ್‌ಡಿಸೈನ್ ಕಡತವನ್ನೇ ಕೇಳುತ್ತಾನೆ, ತಿಂಗಳು ತಿಂಗಳು ದುಡ್ಡೂ ಕೊಡುತ್ತಾನೆ. ಅವರಿಗೆ ಚಂದಾ ಕಸುಬಿನ ಖರ್ಚು, ಕಟ್ಟಲಿ. ಪಂಚಾಂಗ ನೋಡಿಕೊಂಡು ದುಡಿಯುವವರ ಮಾತು ಬೇರೆ.

ಇನ್ನು ಉಳಿದದ್ದು ಕಲಿಸುವವರ ಪಾಲು. ನಮ್ಮ ತಾಲ್ಲೂಕು ಕೇಂದ್ರಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಡಿಟಿಪಿ ಕೋರ್ಸು ಎಂದರೆ ಈಗಲೂ ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್ ಎಂಬ ಮೂರೇ ಹೆಸರು. ಪಿಯುಸಿ ಮುಗಿಸಿ ಹಳ್ಳಿಯಿಂದ ಬಸ್ಸಿಗೆ ಬರುವ ಹುಡುಗಿ ಹಣ ಕೊಟ್ಟು ಕಲಿಯುವುದು 2001ರಲ್ಲೇ ಬೆಳವಣಿಗೆ ನಿಂತ ಪೇಜ್‌ಮೇಕರ್, ಅದೂ ಮುಂದೆ ತನ್ನ ಅಂಗಡಿಗೆ ಕಾನೂನಿನಂತೆ ಕೊಳ್ಳಲು ಎಲ್ಲೂ ಸಿಗದ್ದು. ಕೋರ್ಸಿನ ಅದೇ ಅವಧಿಯಲ್ಲಿ ಅವಳಿಗೆ ಯೂನಿಕೋಡ್ ಟೈಪಿಂಗು, ಇಂಕ್‌ಸ್ಕೇಪು, ಸ್ಕ್ರೈಬಸ್ಸು, ನಾಲ್ಕು ಬಣ್ಣದ ಪಿಡಿಎಫ್ ಮಾಡುವ ಕ್ರಮ ಕಲಿಸಬಹುದು. ಕೇಂದ್ರಕ್ಕೆ ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ. ಹಾಸನದ ಪಾಲಿಟೆಕ್ನಿಕ್, ಐಟಿಐಗಳ ಮೇಷ್ಟ್ರುಗಳು, ಮುದ್ರಕರ ಸಂಘದವರು ಒಂದು ದಿನ ಕೂತು ಪಠ್ಯಕ್ರಮವನ್ನು ಹೊಸದಾಗಿ ಬರೆದರೆ ಮುಂದಿನ ಬ್ಯಾಚಿನಿಂದಲೇ ಇದು ಶುರುವಾಗಬಹುದು.